ಕ್ಲೆಪ್ ಅಂಕ 50 ಎಂದರೆ ನೂರಕ್ಕೆ ಐವತ್ತಲ್ಲ

ಅಮೆರಿಕದ ಕಾಲೇಜು ಕ್ರೆಡಿಟ್‌ಗಾಗಿ ಬರೆಯುವ ಕ್ಲೆಪ್ ಪರೀಕ್ಷೆಯ ಫಲಿತಾಂಶದಲ್ಲಿ ಕಣ್ಣು ಮೊದಲು ಹೋಗುವುದು ಒಂದೇ ಸಂಖ್ಯೆಯ ಮೇಲೆ. ಅದು 20ಕ್ಕಿಂತ ಕೆಳಗಿಳಿಯುವುದಿಲ್ಲ, 80ನ್ನು ದಾಟುವುದಿಲ್ಲ. ನೂರಕ್ಕೆ ಇಷ್ಟು ಎಂದು ಅಂಕ ಎಣಿಸಿಯೇ ಬೆಳೆದ ನಮಗೆ 52 ಎಂದು ಕಂಡ ಕೂಡಲೇ ‘ಹೇಗೋ ಪಾಸಾಯಿತು’ ಎನ್ನಿಸುತ್ತದೆ, 48 ಕಂಡರೆ ‘ಅರ್ಧಕ್ಕಿಂತ ಹೆಚ್ಚು ತಪ್ಪಾಯಿತು’ ಎನ್ನಿಸುತ್ತದೆ. ಎರಡೂ ತಪ್ಪು ಓದು. ಇಲ್ಲಿಂದ ಅಮೆರಿಕಕ್ಕೆ ಪದವಿಗೆ ಹೋಗುವವರೂ, ಅಲ್ಲೇ ಹೈಸ್ಕೂಲು ಓದುತ್ತಿರುವ ಕನ್ನಡದ ಮನೆಗಳ ಮಕ್ಕಳೂ, ಅವರ ಅಪ್ಪ ಅಮ್ಮಂದಿರೂ ಈ ಸಂಖ್ಯೆಯನ್ನು ಸರಿಯಾಗಿ ಓದಲಿ ಎಂಬ ಆಸೆಯಿಂದ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಇದರ ಹಿಂದೆ ಹಣ ಮತ್ತು ಸಮಯ ಎರಡೂ ಇವೆ.

ಹಿನ್ನೆಲೆ ಚುಟುಕಾಗಿ: ಕಾಲೇಜ್ ಲೆವೆಲ್ ಎಕ್ಸಾಮಿನೇಷನ್ ಪ್ರೋಗ್ರಾಂ, ಚಿಕ್ಕದಾಗಿ ಕ್ಲೆಪ್, ಎಂಬುದನ್ನು ಅಮೆರಿಕದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1967ರಲ್ಲಿ ಆರಂಭಿಸಿತು. ತರಗತಿಯಲ್ಲಿ ಕೂರದೆ, ಈಗಾಗಲೇ ಗೊತ್ತಿರುವ ವಿಷಯದಲ್ಲಿ ಪರೀಕ್ಷೆ ಬರೆದು ಕಾಲೇಜು ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಕೋರ್ಸಿನ ಅಳತೆ, ಪಡೆಯುವ ವ್ಯವಸ್ಥೆ ಇದು. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಅದರಲ್ಲಿ ಮೂರೋ ಆರೋ ಒಂದೇ ಪರೀಕ್ಷೆಯಿಂದ ಬಂದರೆ ಆ ಕೋರ್ಸಿನ ಶುಲ್ಕವೂ ಸೆಮಿಸ್ಟರಿನ ಸಮಯವೂ ಉಳಿಯುತ್ತವೆ.

ಸರಿ ಉತ್ತರಗಳಿಂದ 50ರವರೆಗೆ

ಮೊದಲ ಹಂತ ಸುಲಭ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪು ಉತ್ತರಕ್ಕೆ ಸೊನ್ನೆ, ಬಿಟ್ಟ ಪ್ರಶ್ನೆಗೂ ಸೊನ್ನೆ. ನೀಟ್ ಪರೀಕ್ಷೆಗೆ ತಯಾರಾದವರು ತಪ್ಪಿಗೆ ಅಂಕ ಕಡಿತವಾಗುತ್ತದೆಂಬ ಭಯವನ್ನು ಇಲ್ಲಿಗೂ ಹೊತ್ತು ತರುತ್ತಾರೆ. ಇಲ್ಲಿ ಕಡಿತವೇ ಇಲ್ಲ. ಖಾಲಿ ಬಿಡುವುದರಿಂದ ಯಾವ ಲಾಭವೂ ಇಲ್ಲ, ಗೊತ್ತಿಲ್ಲದಿದ್ದರೂ ಒಂದನ್ನು ಗುರುತಿಸಿ. ಇನ್ನೊಂದು ಮಾತು: ಪತ್ರಿಕೆಯಲ್ಲಿ ಕೆಲವು ಪ್ರಶ್ನೆಗಳು ಮುಂದಿನ ಪರೀಕ್ಷೆಗಳಿಗಾಗಿ ಪ್ರಯೋಗಕ್ಕಿಟ್ಟವು. ಅವುಗಳಿಗೆ ಅಂಕವಿಲ್ಲ, ಅವು ಯಾವುವೆಂದು ನಿಮಗೆ ತಿಳಿಯುವುದೂ ಇಲ್ಲ. ಆದ್ದರಿಂದ ‘ಇಷ್ಟು ಸರಿ ಬರೆದಿದ್ದೇನೆ’ ಎಂದು ಎಣಿಸಿ ಫಲಿತಾಂಶ ಊಹಿಸುವುದು ವ್ಯರ್ಥ.

ಎರಡನೆಯ ಹಂತದಲ್ಲಿ ಸರಿ ಉತ್ತರಗಳ ಈ ಮೊತ್ತವನ್ನು 20ರಿಂದ 80ರ ಮಾಪಕಕ್ಕೆ ಬದಲಾಯಿಸುತ್ತಾರೆ. ಈ ಹಂತ ಚೆನ್ನಾಗಿ ಅರ್ಥವಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

50 ಎಂಬ ಗೆರೆಯನ್ನು ಎಳೆಯುವುದು ಕಾಲೇಜುಗಳಲ್ಲಿ ಅದೇ ವಿಷಯವನ್ನು ಪಾಠ ಮಾಡುವ ಅಧ್ಯಾಪಕರ ಒಂದು ತಂಡ. ಅವರು ಬಳಸುವುದು ಅಂಗಾಫ್ ವಿಧಾನದ ಒಂದು ರೂಪ. ಕೋರ್ಸಿನಲ್ಲಿ ‘ಸಿ’ ಗ್ರೇಡನ್ನು ಅಂಚಿನಲ್ಲಿ ಗಳಿಸುವಂಥ ನೂರು ವಿದ್ಯಾರ್ಥಿಗಳನ್ನು ಪ್ರತಿಯೊಬ್ಬ ಅಧ್ಯಾಪಕರೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಬಳಿಕ ಒಂದೊಂದೇ ಪ್ರಶ್ನೆ ನೋಡಿ, ಆ ನೂರರಲ್ಲಿ ಎಷ್ಟು ಮಂದಿ ಇದಕ್ಕೆ ಸರಿ ಉತ್ತರ ಕೊಟ್ಟಾರು ಎಂದು ಅಂದಾಜಿಸುತ್ತಾರೆ. ಲೆಕ್ಕ ತಿಳಿಯಲು ನಾಲ್ಕೇ ಪ್ರಶ್ನೆಗಳ ಪತ್ರಿಕೆಯೊಂದನ್ನು ಕಲ್ಪಿಸಿಕೊಳ್ಳಿ. ಅಂದಾಜುಗಳು 80, 60, 45, 70 ಎಂದಿರಲಿ. ಒಟ್ಟು 255; ನೂರರಿಂದ ಭಾಗಿಸಿದರೆ 2.55. ಅಂದರೆ ಅಂಚಿನ ‘ಸಿ’ ವಿದ್ಯಾರ್ಥಿಯಿಂದ ಈ ಪತ್ರಿಕೆಯಲ್ಲಿ ಸುಮಾರು ಎರಡೂವರೆ ಸರಿ ಉತ್ತರ ನಿರೀಕ್ಷಿಸಬಹುದು. ಇಡೀ ಪತ್ರಿಕೆಗೆ, ಇಡೀ ತಂಡದ ಅಂದಾಜುಗಳನ್ನು ಸೇರಿಸಿ, ಚರ್ಚಿಸಿ ಹೀಗೆ ಸಿಗುವ ಮೊತ್ತವೇ ಗೆರೆಗೆ ಆಧಾರ. ಆ ಗೆರೆಗೆ 50 ಎಂದು ಹೆಸರಿಡುತ್ತಾರೆ.

ಹಾಗಾಗಿ 50 ಎಂದರೆ ‘ಅರ್ಧ ಸರಿ’ ಎಂದಲ್ಲ. ‘ಈ ಕೋರ್ಸನ್ನು ತರಗತಿಯಲ್ಲಿ ಓದಿ ಸಿ ಗ್ರೇಡಿನಲ್ಲಿ ತೇರ್ಗಡೆಯಾದವನಷ್ಟು ಇವನಿಗೆ ಗೊತ್ತಿದೆ’ ಎಂದು. ಇದು ಗೌರವದ ಅಂಕ. 50 ಬಂದ ಮಗುವಿಗೆ ‘ಅಷ್ಟೇನಾ?’ ಎಂದು ಕೇಳುವವರು ಈ ಒಂದು ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು.

ಇನ್ನು, ಇಂದು ನೀವು ಬರೆದ ಪತ್ರಿಕೆಯೂ ಮುಂದಿನ ತಿಂಗಳು ಗೆಳತಿ ಬರೆಯುವ ಪತ್ರಿಕೆಯೂ ಒಂದೇ ಆಗಿರಬೇಕಿಲ್ಲ, ಒಂದು ತುಸು ಕಠಿಣವಾಗಿರಬಹುದು. ಕಠಿಣ ಪತ್ರಿಕೆಯಲ್ಲಿ ಕಡಿಮೆ ಸರಿ ಉತ್ತರಗಳಿಗೇ 50 ಸಿಗುವಂತೆ ಸಂಖ್ಯಾಶಾಸ್ತ್ರದ ಲೆಕ್ಕದಿಂದ ಸರಿದೂಗಿಸುತ್ತಾರೆ. ಇದನ್ನು ಜೆಇಇ ಮೇನ್ಸ್‌ನ ಪರ್ಸೆಂಟೈಲ್ ಜೊತೆ ಬೆರೆಸಬೇಡಿ. ಅಲ್ಲಿ ನಿಮ್ಮ ಪಾಳಿಯಲ್ಲಿ ಬರೆದವರಲ್ಲಿ ಎಷ್ಟು ಮಂದಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದರು ಎಂಬುದು ಮುಖ್ಯ. ಕ್ಲೆಪ್‌ನಲ್ಲಿ ಅಂದು ನಿಮ್ಮ ಪಕ್ಕದಲ್ಲಿ ಕುಳಿತವರು ಎಷ್ಟೇ ಜಾಣರಿದ್ದರೂ ನಿಮ್ಮ ಅಂಕ ಕದಲುವುದಿಲ್ಲ. ಎಲ್ಲರೂ ಗೆರೆ ದಾಟಬಹುದು, ಯಾರೂ ದಾಟದೆಯೂ ಇರಬಹುದು.

ಗೆರೆ ಯಾರದು?

ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಎಂಬ ಸಂಸ್ಥೆ ಈ ಪರೀಕ್ಷೆಗಳನ್ನು ಪರಿಶೀಲಿಸಿ, 50 ಬಂದರೆ ಕ್ರೆಡಿಟ್ ಕೊಡಬಹುದು ಎಂದು ಶಿಫಾರಸು ಮಾಡುತ್ತದೆ. ಮನೋವಿಜ್ಞಾನ ಪರಿಚಯಕ್ಕೆ 3 ಕ್ರೆಡಿಟ್, ಕ್ಯಾಲ್ಕುಲಸ್‌ಗೆ 4, ಜೀವವಿಜ್ಞಾನಕ್ಕೆ 6. ಭಾಷಾ ಪರೀಕ್ಷೆಗಳಲ್ಲಿ ಮಾತ್ರ ಎರಡು ಗೆರೆಗಳಿವೆ. 50 ಬಂದರೆ ಮೊದಲ ಹಂತ. ಎರಡನೆಯ ಹಂತದ ಹೆಚ್ಚಿನ ಕ್ರೆಡಿಟ್‌ಗೆ ಫ್ರೆಂಚ್‌ನಲ್ಲಿ 59, ಜರ್ಮನ್‌ನಲ್ಲಿ 60, ಸ್ಪ್ಯಾನಿಷ್‌ನಲ್ಲಿ 63 ಬೇಕು.

ಆದರೆ ಇದು ಶಿಫಾರಸು ಮಾತ್ರ, ಕೊನೆಯ ತೀರ್ಮಾನ ಕಾಲೇಜಿನದು. ಒಂದು ಕಾಲೇಜು 50ಕ್ಕೆ ಒಪ್ಪುತ್ತದೆ, ಇನ್ನೊಂದು ಅದೇ ವಿಷಯಕ್ಕೆ ಅದಕ್ಕಿಂತ ಹೆಚ್ಚು ಕೇಳುತ್ತದೆ, ಮತ್ತೊಂದು ಕ್ಲೆಪ್ ಅನ್ನೇ ಪರಿಗಣಿಸುವುದಿಲ್ಲ. ಪರೀಕ್ಷೆಯಿಂದ ಬರುವ ಒಟ್ಟು ಕ್ರೆಡಿಟ್‌ಗೆ ಮಿತಿ ಹಾಕುವ ಕಾಲೇಜುಗಳೂ ಬಹಳ. ಹೀಗಾಗಿ ಸಂಖ್ಯೆಯೊಂದನ್ನೇ ಹಿಡಿದು ‘54 ಒಳ್ಳೆಯ ಅಂಕವೇ?’ ಎಂದು ಕೇಳಿದರೆ ಉತ್ತರವಿಲ್ಲ. ‘ಈ ಕಾಲೇಜಿನಲ್ಲಿ, ಈ ವಿಷಯಕ್ಕೆ 54 ಸಾಕೇ?’ ಎಂದು ಕೇಳಿದರೆ ಮಾತ್ರ ಉತ್ತರವಿದೆ.

ಒಂದೇ ಗೆರೆಯಿರುವ ವಿಷಯದಲ್ಲಿ 51 ಬಂದವರಿಗೂ 74 ಬಂದವರಿಗೂ ಸಿಗುವುದು ಒಂದೇ ಕ್ರೆಡಿಟ್. ಸಾಮಾನ್ಯವಾಗಿ ಇದಕ್ಕೆ ಗ್ರೇಡ್ ಇಲ್ಲ, ಜಿಪಿಎ (ಗ್ರೇಡುಗಳ ಸರಾಸರಿ) ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದ್ದರಿಂದ ಗೆರೆ ದಾಟುವ ಭರವಸೆ ಬಂದ ಮೇಲೂ 70ರ ಆಸೆಗೆ ಇನ್ನೂ ಒಂದು ತಿಂಗಳು ಕಳೆಯುವುದಕ್ಕಿಂತ ಆ ತಿಂಗಳನ್ನು ಮುಂದಿನ ವಿಷಯಕ್ಕೆ ಕೊಡುವುದು ಮೇಲು ಎಂದು ನನ್ನ ದೃಢ ಅಭಿಪ್ರಾಯ. ಆದರೆ ಕ್ಯಾಲ್ಕುಲಸ್ ಅಥವಾ ರಸಾಯನಶಾಸ್ತ್ರದಂಥ ವಿಷಯವಾಗಿದ್ದು, ಅದರ ಮೇಲೆಯೇ ಮುಂದಿನ ಕೋರ್ಸುಗಳು ನಿಂತಿದ್ದರೆ ಮಾತು ಬೇರೆ. ಅಲ್ಲಿ ಅಂಚಿನಲ್ಲಿ ದಾಟಿದವರು ಮುಂದಿನ ಸೆಮಿಸ್ಟರಿನಲ್ಲಿ ಪೇಚಾಡುತ್ತಾರೆ. ಅಂಥ ವಿಷಯವನ್ನು ಅಂಕಕ್ಕಾಗಿ ಅಲ್ಲ, ಕಲಿಕೆಗಾಗಿ ಆಳವಾಗಿ ಓದಿ.

ಹೆಚ್ಚಿನ ಪರೀಕ್ಷೆಗಳಲ್ಲಿ ಅಂಕ ಮುಗಿದ ತಕ್ಷಣ ಪರದೆಯ ಮೇಲೆಯೇ ಕಾಣುತ್ತದೆ. ಕಾಲೇಜ್ ಕಾಂಪೋಸಿಷನ್ ಎಂಬ ಇಂಗ್ಲಿಷ್ ಬರವಣಿಗೆಯ ಪರೀಕ್ಷೆ ಬೇರೆ: ಅದರಲ್ಲಿ ಪ್ರಬಂಧಗಳಿರುವುದರಿಂದ ಅಧ್ಯಾಪಕರು ಓದಿ ಅಂಕ ಕೊಡಬೇಕು, ಕೆಲವು ವಾರ ಕಾಯಬೇಕು. ಪ್ರವೇಶದ ದಿನಾಂಕ ಹತ್ತಿರವಿದ್ದರೆ ಈ ವಾರಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

48, 49 ಬಂದವರಿಗೆ ಒಂದು ಮಾತು. ಯಾವ ಪರೀಕ್ಷೆಯ ಅಂಕದಲ್ಲೂ ಸ್ವಲ್ಪ ಅಳತೆಯ ದೋಷವಿರುತ್ತದೆ. ಅದೇ ತಿಳಿವಳಿಕೆಯ ವಿದ್ಯಾರ್ಥಿ ಬೇರೆ ದಿನ, ಬೇರೆ ಪತ್ರಿಕೆಯಲ್ಲಿ ಒಂದೆರಡು ಅಂಕ ಅತ್ತಿತ್ತ ಆಗಬಹುದು. ಕಾಲೇಜು ಮಾತ್ರ 49ನ್ನು 50 ಎಂದು ಎಣಿಸುವುದಿಲ್ಲ. ಅದಕ್ಕೇ ಅಭ್ಯಾಸ ಪರೀಕ್ಷೆಗಳಲ್ಲಿ ಗೆರೆಗಿಂತ ಸಾಕಷ್ಟು ಮೇಲೆ ನಿಂತ ಬಳಿಕವೇ ನಿಜವಾದ ಪರೀಕ್ಷೆಗೆ ಹೆಸರು ನೋಂದಾಯಿಸಿ. ಅದೇ ಪರೀಕ್ಷೆಯನ್ನು ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು ಎಂಬುದೂ ನೆನಪಿರಲಿ.

ನೋಂದಣಿಗೆ ಮುನ್ನ ನೀವು ಸೇರಬೇಕೆಂದಿರುವ ಕಾಲೇಜಿನ ರಿಜಿಸ್ಟ್ರಾರ್ ಕಚೇರಿಗೆ ಒಂದು ಇಮೇಲ್ ಬರೆದು, ಕನಿಷ್ಠ ಅಂಕ ಎಷ್ಟು, ಎಷ್ಟು ಕ್ರೆಡಿಟ್, ಅದು ನಿಮ್ಮ ಪದವಿಗೆ ಬೇಕಾದ ಯಾವ ಕೋರ್ಸಿನ ಬದಲಿಗೆ ಸಲ್ಲುತ್ತದೆ ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ: ಪದವಿಯ ಕಡ್ಡಾಯ ಕೋರ್ಸಿನ ಬದಲಿಗೆ ಬರದೆ, ಬರೀ ಐಚ್ಛಿಕ ಕ್ರೆಡಿಟ್ ಆಗಿ ಸೇರಿದರೆ ಅದೇ ಕೋರ್ಸನ್ನು ಶುಲ್ಕ ಕಟ್ಟಿ ಮತ್ತೆ ಓದಬೇಕಾಗುತ್ತದೆ. ಉತ್ತರ ಬರಹದಲ್ಲಿ ಬಂದರೆ ಜೋಪಾನವಾಗಿ ಇಟ್ಟುಕೊಳ್ಳಿ.