ಗೇರಿನ ಹಲ್ಲಿಗಿಂತ ಮೊದಲು ಚಕ್ರ ಜಾರಲಿ

ತಂಗಿಯ ಮಗಳು ಮೊನ್ನೆ ಪುಣೆ ಹತ್ತಿರದ ಭೋಸರಿಯ ನಮ್ಮ ಮನೆಗೆ ಬಂದವಳು ಮೇಜಿನ ಮೇಲೆ ಒಂದು ಪುಟ್ಟ ಗೇರ್‌ಬಾಕ್ಸ್ ಇಟ್ಟಳು. "ಮಾಮಾ, ಒಂದೇ ಏಟಿಗೆ ಹೋಯ್ತು ನೋಡು" ಎಂದಳು. ಗೆಳತಿಯರ ಜೊತೆ ಸೇರಿ ಅವಳು ಕಾದಾಡುವ ರೋಬೋ ಕಟ್ಟುತ್ತಿದ್ದಾಳೆ. ತೂಕ 1.36 ಕಿಲೋ, ಅಂದರೆ 3 ಪೌಂಡ್. ಈ ವರ್ಗಕ್ಕೆ ಬೀಟಲ್‌ವೇಟ್ ಎಂದು ಹೆಸರು. ಭೂತಗನ್ನಡಿ ಹಿಡಿದು ನೋಡಿದೆ. ಹಿತ್ತಾಳೆಯ ಕೊನೆಯ ಗೇರಿನಲ್ಲಿ ಮೂರು ಹಲ್ಲು ಇರಲಿಲ್ಲ. ಮೋಟಾರ್ ಮಾತ್ರ ಚೆನ್ನಾಗಿಯೇ ಇತ್ತು.

ಸಣ್ಣ ಮೋಟಾರ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಆದರೆ ಅದಕ್ಕೆ ತಳ್ಳುವ ಶಕ್ತಿ ಕಡಿಮೆ. ಖಂಡಾಲಾ ಘಾಟಿನಲ್ಲಿ ಲಾರಿ ಕೆಳಗಿನ ಗೇರಿಗೆ ಬಂದು ನಿಧಾನವಾಗಿ ಏರುತ್ತದಲ್ಲ, ಇಲ್ಲೂ ಅದೇ ಲೆಕ್ಕ. ವೇಗ ಕೊಟ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಪಡೆಯುವುದು.

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು. 50 ಮಿಮೀ ಚಕ್ರ 1000 ಆರ್‌ಪಿಎಂನಲ್ಲಿ ತಿರುಗಿದರೆ ರೋಬೋ ಸೆಕೆಂಡಿಗೆ ಸುಮಾರು 2.6 ಮೀಟರ್ ಓಡುತ್ತದೆ. ಪುಟ್ಟ ಅಖಾಡಕ್ಕೆ ಅಷ್ಟು ಸಾಕು. ಟಾರ್ಕ್ ಮಾತ್ರ ಯಾರೂ ಕೇಳುವುದಿಲ್ಲ. ತೂಕವೆಲ್ಲ ಎರಡೇ ಚಕ್ರದ ಮೇಲಿದೆ, ರಬ್ಬರಿನ ಹಿಡಿತ ಆ ತೂಕದ 0.8 ಪಟ್ಟು ಎಂದಿಟ್ಟುಕೊಳ್ಳಿ. ಆಗ ಒಂದು ಚಕ್ರವನ್ನು ಜಾರಿಸಲು ಸುಮಾರು 1.4 ಕೆಜಿ-ಸೆಂಮೀ ಟಾರ್ಕ್ ಬೇಕು, ಅಂದರೆ ನಡುವಿನಿಂದ ಒಂದು ಸೆಂಮೀ ದೂರದಲ್ಲಿ 1.4 ಕಿಲೋ ತೂಗುಹಾಕಿದಷ್ಟು. ಎದುರಾಳಿ ಮೇಲೆ ಹತ್ತಿದರೆ ಇದು ಎರಡು ಪಟ್ಟಾಗಬಹುದು. ಗೇರ್ ದಾಟಿ ಚಕ್ರಕ್ಕೆ ಬರುವ ಟಾರ್ಕ್ ಇದಕ್ಕಿಂತ ಕಡಿಮೆ ಇದ್ದರೆ, ತಳ್ಳಾಟದಲ್ಲಿ ಚಕ್ರ ಜಾರುವ ಬದಲು ಮೋಟಾರ್ ನಿಂತುಬಿಡುತ್ತದೆ. ನಿಂತ ಮೋಟಾರ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ.

ಹಾಗಾದರೆ ಗೇರ್ ಇನ್ನಷ್ಟು ಇಳಿಸಿದರಾಯಿತು, ಅಲ್ವಾ? ಅಲ್ಲೇ ಪೆಟ್ಟು ಬೀಳುವುದು. ಎದುರಾಳಿಯ ಬ್ಲೇಡ್ ಬಡಿದು ಚಕ್ರ ತಟ್ಟನೆ ನಿಂತರೂ ಮೋಟಾರಿನ ಒಳಗೆ ತಿರುಗುವ ಭಾಗ, ಅಂದರೆ ರೋಟರ್, ತಿರುಗುತ್ತಲೇ ಇರಲು ನೋಡುತ್ತದೆ. 50 ಪಟ್ಟು ಇಳಿಸಿದ ಗೇರ್‌ಬಾಕ್ಸಿನಲ್ಲಿ, ಚಕ್ರದ ಕಡೆಯಿಂದ ತಿರುಗಿಸಲು ಹೋದರೆ ಆ ಪುಟ್ಟ ರೋಟರಿನ ಜಡತ್ವ 50ರ ವರ್ಗದಷ್ಟು, ಅಂದರೆ 2,500 ಪಟ್ಟು ಆಗಿರುತ್ತದೆ. ಈ ಜಗ್ಗಾಟವನ್ನೆಲ್ಲ ತಡೆಯಬೇಕಾದ್ದು ಹಲ್ಲು. ಟಾರ್ಕ್ ಅತಿ ಹೆಚ್ಚು ಇರುವುದು ಕೊನೆಯ ಗೇರಿನಲ್ಲಿ. ಅದಕ್ಕೇ ಅವಳ ಗೇರ್‌ಬಾಕ್ಸಿನಲ್ಲಿ ಮುರಿದದ್ದೂ ಅದೇ.

ಅವಳು ಹಾಕಿದ್ದು ಎನ್-20 ಎಂಬ ಪುಟ್ಟ ಗೇರ್ ಮೋಟಾರ್. ಅದರಲ್ಲಿ ಒಂದರ ಪಕ್ಕ ಒಂದು ಗೇರ್ ಕೂತಿರುತ್ತದೆ, ಪೂರ್ತಿ ಭಾರ ಒಂದೆರಡು ಹಲ್ಲಿನ ಮೇಲೆ. 454 ಗ್ರಾಮಿನ ಆಂಟ್‌ವೇಟ್‌ಗೆ ಅದು ಬಹಳ ಒಳ್ಳೆಯ ಮೋಟಾರ್, ಬೀಟಲ್‌ಗೆ ಸಾಲದು. ನನ್ನ ಆಯ್ಕೆ 22 ಮಿಮೀ ಪ್ಲಾನೆಟರಿ ಗೇರ್‌ಬಾಕ್ಸಿನ ಮೋಟಾರ್. ನಡುವೆ ಸೂರ್ಯನ ಹಾಗೆ ಒಂದು ಗೇರ್, ಸುತ್ತ ಮೂರು ಗ್ರಹ, ಹೊರಗೆ ಒಳಮುಖ ಹಲ್ಲಿನ ಬಳೆ. ಭಾರವನ್ನು ಮೂವರೂ ಹಂಚಿಕೊಳ್ಳುತ್ತಾರೆ. ಸೂರ್ಯನಿಗೆ 12 ಹಲ್ಲು, ಬಳೆಗೆ 36 ಇದ್ದರೆ ವೇಗ 4 ಪಟ್ಟು ಇಳಿಯುತ್ತದೆ. ಇಂಥ ಎರಡು ಹಂತ ಸೇರಿಸಿದರೆ 16 ಪಟ್ಟು. ಎಷ್ಟೇ ಚಿಕ್ಕದಾಗಿದ್ದರೂ, ಸ್ಕ್ರೂವಿನಂಥ ದಂಡ ಹಲ್ಲುಚಕ್ರವನ್ನು ತಿರುಗಿಸುವ ವರ್ಮ್ ಗೇರ್ ಮಾತ್ರ ಬೇಡ. ಚಕ್ರದ ಕಡೆಯಿಂದ ಅದು ಸಾಮಾನ್ಯವಾಗಿ ತಿರುಗುವುದೇ ಇಲ್ಲ, ಹೊಡೆತಕ್ಕೆ ದಾರಿಯೇ ಸಿಗುವುದಿಲ್ಲ.

ಪುಣೆಯ ಬುಧವಾರ ಪೇಠೆಯ ತಪಕೀರ್ ಗಲ್ಲಿ ಸುತ್ತಿ ಅವಳು ಒಂದು ಜೋಡಿ ಪ್ಲಾನೆಟರಿ ಮೋಟಾರ್ ತಂದಳು. ಹೊಡೆತ ಹೀರಲಿ ಎಂದು ಚಕ್ರವನ್ನು ಮೆತ್ತನೆಯ ಫೋಮಿನದು ಮಾಡಿದೆವು. ಶಾಫ್ಟ್ ಬಾಗದಿರಲಿ ಎಂದು ಅದರ ಹೊರತುದಿಗೆ ಒಂದು ಬೇರಿಂಗ್ ಕೊಟ್ಟೆವು. ಬ್ಲೇಡ್ ಇಲ್ಲದ ರೋಬೋವನ್ನು ಗೋಡೆಗೆ ಒತ್ತಿ ನಿಲ್ಲಿಸಿ ಪೂರ್ತಿ ವೇಗ ಕೊಟ್ಟಳು. ಚಕ್ರಗಳು ಕಿರ್ರೆಂದು ಜಾರಿದವು, ಟೈಲ್ಸ್ ಮೇಲೆ ಎರಡು ಕಪ್ಪು ಗೆರೆ ಮೂಡಿತು. ಮೋಟಾರ್ ಮುಟ್ಟಿ ನೋಡಿದೆ. ಸ್ವಲ್ಪ ಬೆಚ್ಚಗಿತ್ತು, ಅಷ್ಟೇ.