ಒಂದೇ ರೈಫಲ್, ಇಬ್ಬರ ಗುರಿ ಎರಡು ಕಡೆ ಯಾಕೆ?

ಪ್ರಶ್ನೆ: ನನ್ನ ಮಗಳು ಪುಣೆಯಲ್ಲಿ ಎನ್‌ಸಿಸಿ ಕ್ಯಾಡೆಟ್. ಫೈರಿಂಗ್‌ನಲ್ಲಿ ಒಂದೇ ರೈಫಲ್‌ನಿಂದ ಗೆಳತಿ ಹೊಡೆದರೆ ನಡುವಿಗೆ ಬೀಳುತ್ತದೆ, ಇವಳದು ಎಡಕ್ಕೆ ಹೋಗುತ್ತದೆ. ‘ರೈಫಲ್ ಜೀರೋ ಆಗಿಲ್ಲ ಅಮ್ಮಾ’ ಅಂತಾಳೆ. ಫ್ಯಾಕ್ಟರಿಯಲ್ಲೇ ಸರಿ ಮಾಡಿ ಕೊಡುವುದಿಲ್ಲವಾ? ಚೆನ್ನಾಗಿ ಒರೆಸಿ ಎಣ್ಣೆ ಹಾಕಿದರೆ ಸರಿ ಹೋಗುತ್ತಾ?
– ಓದುಗರೊಬ್ಬರು, ಚಿಂಚವಾಡ

ಗೆಳತಿಯ ಗುಂಡು ನಡುವಿಗೆ ಬೀಳುತ್ತಿದೆ ಅಂದರೆ ರೈಫಲ್ ಜೀರೋ ಆಗಿದೆ, ತಾಯಿ. ಗುರಿ ಹಿಡಿದಲ್ಲೇ ಗುಂಡು ಬೀಳುವಂತೆ ಸೈಟನ್ನು, ಅಂದರೆ ಗುರಿ ನೋಡುವ ಭಾಗವನ್ನು, ಹೊಂದಿಸುವುದೇ ಜೀರೋ. ಆದರೆ ಅದು ಗೆಳತಿಗೆ ಆಗಿದೆ, ನಿಮ್ಮ ಮಗಳಿಗೆ ಆಗಿಲ್ಲ. ನಾನು ಮಿಲಿಟರಿಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿಯವನು, ಆಗಿದ್ದವನು, ಈಗ ಖಡಕಿಯಲ್ಲಿ ಮನೆ. ಹೊಸದಾಗಿ ಸೇರಿದ ಜವಾನರೂ ರೈಫಲ್ ತಂದು ಮುಂದಿಟ್ಟು ಇದನ್ನೇ ಕೇಳುತ್ತಿದ್ದರು.

ಫ್ಯಾಕ್ಟರಿಯಲ್ಲಿ ಹೊಡೆದು ನೋಡಿಯೇ ಕಳಿಸುತ್ತಾರೆ. ಸೇನೆಯ ಇನ್ಸಾಸ್ ರೈಫಲನ್ನೇ ತಗೊಳ್ಳಿ. ವಿನ್ಯಾಸ ಆದದ್ದು ನಮ್ಮ ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ಎಆರ್‌ಡಿಇಯಲ್ಲಿ, ತಯಾರಾದದ್ದು ಬಂಗಾಳದ ಇಛಾಪುರದಂಥ ಕಾರ್ಖಾನೆಗಳಲ್ಲಿ. ಅಲ್ಲಿ ಪರೀಕ್ಷೆಗೆ ಹೊಡೆದವನ ಕಣ್ಣು, ಕೆನ್ನೆ, ಭುಜ ಬೇರೆ. ಇಲ್ಲಿ ಹೊಡೆಯುವವರದ್ದು ಬೇರೆ. ಒಬ್ಬರು ಬಟ್ (ರೈಫಲಿನ ಹಿಂಬದಿ) ಮೇಲೆ ಕೆನ್ನೆಯನ್ನು ಮುಂದೆ ಇಡುತ್ತಾರೆ, ಇನ್ನೊಬ್ಬರು ಹಿಂದೆ. ಹಿಂದಿನ ಸೈಟಿನ ಮೂಲಕ ಕಣ್ಣು ಕೂದಲೆಳೆಯಷ್ಟು ಪಕ್ಕದಿಂದ ನೋಡಿದರೂ ಸಾಕು. ಅಣ್ಣ ಓಡಿಸಿದ ಸ್ಕೂಟರನ್ನು ತಂಗಿ ತಗೊಂಡರೆ ಮೊದಲು ಕನ್ನಡಿ ತಿರುಗಿಸಿಕೊಳ್ಳುತ್ತಾಳಲ್ಲ, ಹಾಗೆ.

ಕೂದಲೆಳೆ ಅಂದದ್ದು ಸುಮ್ನೆ ಅಲ್ಲ. ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ಅರ್ಧ ಮೀಟರ್ ಇದೆ ಅಂದುಕೊಳ್ಳಿ. ಅಲ್ಲಿ 1 ಮಿ.ಮೀ. ಜರುಗಿದರೆ 100 ಮೀಟರ್ ದೂರದಲ್ಲಿ ಗುಂಡು 20 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ. ಎನ್‌ಸಿಸಿಯ .22 ರೈಫಲ್ ಹೊಡೆಸುವುದು 25 ಮೀಟರ್ ಆಸುಪಾಸಿನಲ್ಲಿ. ಅಲ್ಲಿ 4 ಸೆಂ.ಮೀ. ಎಡಕ್ಕೆ ಹೋಗಿದೆ ಅಂದರೆ ಸೈಟಿನ ಹತ್ತಿರ ತಪ್ಪಿರುವುದು ಬರೀ 0.8 ಮಿ.ಮೀ.

ಇನ್ನು ಗುಂಡು ನೇರ ಗೆರೆಯಲ್ಲಿ ಹೋಗುತ್ತದೆ ಅನ್ನೋದು ಸಿನಿಮಾ ಮಾತು. ಇನ್ಸಾಸ್‌ನ 5.56 ಮಿ.ಮೀ. ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಟರೂ, 100 ಮೀಟರ್ ಮುಟ್ಟುವಷ್ಟರಲ್ಲಿ ಬ್ಯಾರೆಲ್ ನೇರಕ್ಕಿಂತ ಆರೇಳು ಸೆಂ.ಮೀ. ಇಳಿದಿರುತ್ತದೆ. ಅದಕ್ಕೇ ಸೈಟ್ ನೋಡುವ ಗೆರೆಗಿಂತ ಬ್ಯಾರೆಲ್ ಮೂತಿ ಚೂರು ಮೇಲಕ್ಕಿರುತ್ತದೆ. ಗುಂಡು ಕೆಳಗಿಂದ ಹತ್ತಿ ಆ ಗೆರೆಯನ್ನು ದಾಟಿ, ಮುಂದೆ ಎಲ್ಲೋ ಇಳಿಯುತ್ತಾ ಮತ್ತೆ ದಾಟುತ್ತದೆ. ಹಾಗಾಗಿ ‘ಜೀರೋ ಆಯ್ತು’ ಅಂದರೆ ಸಾಲದು, ಯಾವ ದೂರಕ್ಕೆ ಅಂತಲೂ ಹೇಳಬೇಕು.

ಮಾಡುವುದು ಹೇಗೆ? ಒಂದು ಗುಂಡು ಹೊಡೆದು ಸ್ಕ್ರೂ ತಿರುಗಿಸುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಒಂದು ಗುಂಡು ಏನೂ ಹೇಳುವುದಿಲ್ಲ. ಮಲಗಿ, ಮೊಣಕೈ ಊರಿ, ಒಂದೇ ಜಾಗಕ್ಕೆ ಗುರಿ ಹಿಡಿದು, ಒಂದೇ ಥರ ಉಸಿರು ಕಟ್ಟಿ ಐದು ಹೊಡೆಯಬೇಕು. ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಂತಿದ್ದರೆ ಅದು ಗ್ರೂಪ್. ಅದು ಎಲ್ಲಿ ಬಿದ್ದಿದೆ ಅನ್ನೋದು ಆಮೇಲಿನ ಮಾತು. ಗ್ರೂಪಿನ ನಡುವನ್ನು ರೇಂಜಿನಲ್ಲಿ ಎಂಪಿಐ ಅಂತಾರೆ. ಆ ಎಂಪಿಐ ಗುರಿಯಿಂದ ಎಷ್ಟು ಸರಿದಿದೆ ಅಂತ ಅಳೆದು ಸೈಟ್ ಜರುಗಿಸುತ್ತಾರೆ. ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ ಜರುಗಿಸಬೇಕು. ಮುಂದಿನ ಸೈಟ್ ಆದರೆ ಉಲ್ಟಾ, ಗುಂಡು ತಪ್ಪಿ ಹೋದ ಕಡೆಗೇ. ಎಡಕ್ಕೆ ಬಿದ್ದರೆ ಎಡಕ್ಕೆ, ಮೇಲೆ ಬಿದ್ದರೆ ಮೇಲಕ್ಕೆ. ಜರುಗಿಸಿದ ಮೇಲೆ ಮತ್ತೆ ಐದು ಹೊಡೆದು ನೋಡಬೇಕು.

ಐದು ಗುಂಡು ಐದು ಕಡೆ ಹೋಗಿದ್ದರೆ ಸೈಟ್ ಮುಟ್ಟುವುದೇ ಬೇಡ. ಅದು ಟ್ರಿಗರ್ ಎಳೆದು ಕಿತ್ತಿದ್ದು, ಇಲ್ಲವೇ ಉಸಿರಾಡುತ್ತಾ ಹೊಡೆದದ್ದು. ಹಲವು ಸಲ ರೈಫಲನ್ನೇ ಬೈಯುತ್ತಾರೆ, ಪಾಪ.

ಈಗ ಶುಚಿ ಮಾಡುವ ವಿಷಯ. ಎಣ್ಣೆ ಹಾಕಿದರೆ ಎಡಕ್ಕೆ ಹೋಗುವುದು ನಡುವಿಗೆ ಬರುವುದಿಲ್ಲ. ತದ್ವಿರುದ್ಧ, ಬ್ಯಾರೆಲ್ ಒಳಗೆ ಎಣ್ಣೆ ಬಿಟ್ಟು ಹೊಡೆದರೆ ಮೊದಲ ಗುಂಡೇ ದಾರಿ ತಪ್ಪುತ್ತದೆ. ಕೋತ್‌ನಲ್ಲಿ (ಶಸ್ತ್ರಾಗಾರದಲ್ಲಿ) ಇಡುವಾಗ ತೆಳ್ಳಗೆ ಎಣ್ಣೆ, ರೇಂಜಿಗೆ ಒಯ್ಯುವ ಮೊದಲು ಒಣ ಚಿಂದಿ ಹಾಕಿ ಎಳೆದು ಒರೆಸುವುದು, ಇದು ಹಳೇ ಪಾಠ. ಮಳೆಗಾಲದ ಪುಣೆಯಲ್ಲಂತೂ ಎಣ್ಣೆಯಿಲ್ಲದೆ ಇಟ್ಟ ಉಕ್ಕಿಗೆ ಬೇಗ ತುಕ್ಕು ಹತ್ತುತ್ತದೆ.

ಹಳೇ .303 ರೈಫಲ್‌ಗಳ ಕಾಲದಲ್ಲಿ ಈ ಕೆಲಸ ಇನ್ನೂ ಜಾಸ್ತಿ ಇತ್ತು. ಆಗಿನ ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದಾಗ ಅದು ಉಪ್ಪಾಗಿ ಬ್ಯಾರೆಲ್ ಒಳಗೆ ಕೂರುತ್ತಿತ್ತು. ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತಿತ್ತು. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಅದಕ್ಕೇ ಕಾಡತೂಸು ಕೂರುವ ಚೇಂಬರ್ ಕಡೆಯಿಂದ ಕುದಿಯುವ ನೀರು ಹೊಯ್ಯುತ್ತಿದ್ದರು. ಬಿಸಿಯಾದ ಬ್ಯಾರೆಲ್ ಬೇಗ ಒಣಗುತ್ತಿತ್ತು, ಆಮೇಲೆ ಎಣ್ಣೆ. ಬಂದೂಕಿಗೆ ನೀರು ಹೊಯ್ಯೋದಾ ಅಂತ ನೋಡಿದವರು ಗಾಬರಿ ಬೀಳುತ್ತಿದ್ದರು. 1869ರಲ್ಲಿ ಶುರುವಾದ ನಮ್ಮ ಖಡಕಿಯ ಅಮ್ಯುನಿಷನ್ ಫ್ಯಾಕ್ಟರಿಯ ಕಾಡತೂಸುಗಳು ಹೀಗೆ ಎಷ್ಟು ಬ್ಯಾರೆಲ್‌ಗಳಿಗೆ ಬಿಸಿನೀರು ಕುಡಿಸಿದವೋ!

ಶುಚಿ ಮಾಡುವಾಗಲೇ ರೈಫಲ್ ಕೆಡಿಸುವುದೂ ಉಂಟು. ಬ್ಯಾರೆಲ್ ಬಾಯಿಯ ಅಂಚು ಗುಂಡು ಕೊನೆಗೆ ಮುಟ್ಟಿ ಹೋಗುವ ಜಾಗ. ಅಲ್ಲಿ ಒಂದು ಕಡೆ ಸವೆದರೂ ಗುಂಡಿನ ಹಿಂದಿನ ಗಾಳಿ ಒಂದೇ ಸಮನೆ ಹೊರಬರುವುದಿಲ್ಲ, ಗ್ರೂಪ್ ಹರಡುತ್ತದೆ. ಚಿಂದಿ ಕಟ್ಟಿ ಬ್ಯಾರೆಲ್ ಒಳಗೆ ಎಳೆಯುವ ಪುಲ್‌ಥ್ರೂ ಹಗ್ಗಕ್ಕೆ ಮಣ್ಣು ಮೆತ್ತಿಕೊಂಡಿದ್ದು, ಅದನ್ನು ಓರೆಯಾಗಿ ಎಳೆದರೆ ಅದು ಅರದಂತೆಯೇ ಆ ಅಂಚನ್ನು ತಿನ್ನುತ್ತದೆ. ಚೇಂಬರ್ ಕಡೆಯಿಂದ ಹಾಕಿ ನೇರ ಎಳೆಯಿರಿ, ಒಂದೇ ಗುಕ್ಕಿಗೆ, ನಡುವೆ ನಿಲ್ಲಿಸಬೇಡಿ ಅನ್ನೋದು ಇದಕ್ಕೇ. ಇಷ್ಟಕ್ಕೂ ಮೊದಲು ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಬೇಕು, ಉಸ್ತಾದ್ (ಕಲಿಸುವವರು) ನೋಡಿದ್ದರೂ ಕೂಡ.

.22ಕ್ಕೆ ಅಷ್ಟೊಂದು ಉಜ್ಜಾಟ ಬೇಡ. ಅದರ ಸೀಸದ ಗುಂಡಿಗೆ ಜಿಡ್ಡು ಸವರಿರುತ್ತದೆ, ಅದು ಬ್ಯಾರೆಲ್ ಒಳಗೆ ಪದರ ಕಟ್ಟುತ್ತದೆ. ಪೂರ್ತಿ ಉಜ್ಜಿ ತೆಗೆದ ಮೇಲೆ ಮೊದಲ ಕೆಲವು ಗುಂಡು ಅಲ್ಲಿ ಇಲ್ಲಿ ಬಿದ್ದು, ಪದರ ಮತ್ತೆ ಕೂತ ಮೇಲೆ ಗ್ರೂಪ್ ಒಂದಾಗುತ್ತದೆ. ಶುಚಿ ಮಾಡಿದ ಕೂಡಲೇ ಜೀರೋ ನೋಡುವುದು ಬೇಡ.

ನಿಮ್ಮ ಮಗಳ ವಿಷಯಕ್ಕೆ ಬರೋಣ. ಮಿಲಿಟರಿಯಲ್ಲಿ ಜವಾನನಿಗೆ ತನ್ನದೇ ರೈಫಲ್ ಇರುತ್ತದೆ, ಬಟ್ ನಂಬರ್ ಹೇಳಿ ಕೋತ್‌ನಿಂದ ತಗೊಳ್ಳುತ್ತಾನೆ. ಅದನ್ನು ತನ್ನ ಕಣ್ಣಿಗೆ ಜೀರೋ ಮಾಡಿಕೊಳ್ಳುತ್ತಾನೆ. ಎನ್‌ಸಿಸಿಯಲ್ಲಿ ಒಂದೇ ರೈಫಲ್ ಎಷ್ಟೋ ಕೈ ದಾಟುತ್ತದೆ. ಒಬ್ಬಳಿಗೋಸ್ಕರ ಸೈಟ್ ಜರುಗಿಸಿದರೆ ಉಳಿದವರದೆಲ್ಲ ಕೆಡುತ್ತದೆ. ಆದ್ದರಿಂದ ಅವಳು ಸೈಟ್ ಮುಟ್ಟುವುದು ಬೇಡ. ಅವಳ ಐದೂ ಗುಂಡು ಎಡಕ್ಕೆ ಒತ್ತೊತ್ತಾಗಿ ಬಿದ್ದಿದ್ದರೆ ಖುಷಿಪಡಿ, ಹುಡುಗಿಯ ಕೈ ಸ್ಥಿರವಾಗಿದೆ. ಉಸ್ತಾದರನ್ನು ಕೇಳಿಕೊಂಡು ಕೆನ್ನೆ ಇಡುವ ಜಾಗ ಸರಿ ಮಾಡಿಕೊಳ್ಳಲಿ. ಆಗಲೂ ಹೋದರೆ, ಎಷ್ಟು ಎಡಕ್ಕೆ ಹೋಗುತ್ತದೋ ಅಷ್ಟೇ ಬಲಕ್ಕೆ ಗುರಿ ಹಿಡಿದು ಹೊಡೆಯಲಿ.