ಹಿತ್ತಲಿನ ಗಿನಿ ಪಿಗ್‌ಗಳನ್ನು ಬೀದಿ ನಾಯಿಗಳಿಂದ ಕಾಪಾಡುವುದು ಹೇಗೆ?

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಮಕ್ಕಳಿಗೆಂದು ನಾಲ್ಕು ಗಿನಿ ಪಿಗ್ ಸಾಕಿದ್ದೇವೆ. ಮರದ ಚೌಕಟ್ಟಿಗೆ ಕೋಳಿ ಜಾಲರಿ ಹೊಡೆದು ಮಾಡಿದ ಗೂಡು. ಈಚೆಗೆ ರಾತ್ರಿ ಹೊತ್ತು ಬೀದಿ ನಾಯಿಗಳು ಕಾಂಪೌಂಡ್ ಹಾರಿ ಬಂದು ಗೂಡಿನ ಸುತ್ತ ತಿರುಗುತ್ತಿವೆ. ಗೂಡು ಗಟ್ಟಿ ಮಾಡಿದರೆ ಸಾಕೇ, ಇನ್ನೇನಾದರೂ ಮಾಡಬೇಕೇ?

ಉತ್ತರ: ಗೂಡಿನ ವಿಚಾರ ಆಮೇಲೆ ನೋಡೋಣ. ಮೊದಲು, ಇವತ್ತು ರಾತ್ರಿಯೇ ಅವನ್ನು ಮನೆಯೊಳಗೆ ತಂದುಬಿಡಿ. ಅಡುಗೆಮನೆಯ ಮೂಲೆ, ಯುಟಿಲಿಟಿ, ಬಾಗಿಲು ಹಾಕಬಹುದಾದ ಸ್ಟೋರ್ ರೂಮ್, ಯಾವುದಾದರೂ ಆದೀತು. ನಾಲ್ಕು ಕಡೆ ಗೋಡೆ ಇರಬೇಕು, ಮುಚ್ಚುವ ಬಾಗಿಲಿರಬೇಕು, ಗಾಳಿ ಆಡಬೇಕು. ನೆಲಕ್ಕೆ ಹಳೆಯ ಪೇಪರು, ಅದರ ಮೇಲೆ ಒಂದಷ್ಟು ಒಣಹುಲ್ಲು ಹಾಸಿದರೆ ಒಂದು ರಾತ್ರಿಗೆ ಏನೂ ತೊಂದರೆಯಿಲ್ಲ. ನಾಯಿಗಳು ಒಮ್ಮೆ ಬಂದು ಮೂಸಿ ಹೋದ ಜಾಗಕ್ಕೆ ಮತ್ತೆ ಬಂದೇ ಬರುತ್ತವೆ. ಎರಡನೆಯ ಸಲಕ್ಕೆ ಅವುಗಳಿಗೆ ಧೈರ್ಯ ಹೆಚ್ಚಿರುತ್ತದೆ.

ಗಿನಿ ಪಿಗ್ ಹೊರಗಿರಬೇಕಾದ ಪ್ರಾಣಿ ಎಂಬ ನಂಬಿಕೆ ನಮ್ಮಲ್ಲಿದೆ. ಮೊಲದ ಗೂಡು, ಕೋಳಿ ಗೂಡಿನ ಪಕ್ಕಕ್ಕೆ ಇದನ್ನೂ ಸೇರಿಸಿಬಿಡುತ್ತೇವೆ. ಆದರೆ ಇದರ ತವರಾದ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ, ಅಂದರೆ ಪೆರು, ಬೊಲಿವಿಯಾ ಕಡೆಯ ಹಳ್ಳಿಗಳಲ್ಲಿ, ಜನ ಇವನ್ನು ಮಾಂಸಕ್ಕಾಗಿ ಸಾಕುವುದಾದರೂ ತಲೆಮಾರುಗಳಿಂದ ಇಟ್ಟುಕೊಂಡು ಬಂದಿರುವುದು ಅಡುಗೆಮನೆಯ ನೆಲದಲ್ಲಿ. ಒಲೆಯ ಬೆಚ್ಚಗೆ, ಸೊಪ್ಪುಸದೆ, ತರಕಾರಿ ಸಿಪ್ಪೆ, ಜೊತೆಗೆ ಮನೆಯವರ ಕಣ್ಣಳತೆ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಸಾವಿರಾರು ವರ್ಷ ಮನುಷ್ಯರ ಸೂರಿನಡಿ ಬೆಳೆದ ಪ್ರಾಣಿ ಇದು. ಹಿತ್ತಲಲ್ಲಿ ರಾತ್ರಿ ಕಳೆಯಲು ಬೇಕಾದ ಯಾವ ಆಯುಧವೂ ಇದರ ಬಳಿ ಇಲ್ಲ. ಹತ್ತಲು ಬರುವುದಿಲ್ಲ, ಮೊಲದಂತೆ ಬಿಲ ತೋಡಲು ಬರುವುದಿಲ್ಲ, ತಿರುಗಿ ಕಚ್ಚಿ ಓಡಿಸುವ ಶಕ್ತಿಯೂ ಇಲ್ಲ. ಅಪಾಯ ಕಂಡಾಗ ಮಾಡುವುದು ಎರಡೇ ಕೆಲಸ: ಅಲ್ಲಾಡದೆ ನಿಲ್ಲುವುದು, ಇಲ್ಲವೇ ಚೆಲ್ಲಾಪಿಲ್ಲಿಯಾಗಿ ಓಡುವುದು. ಆ ಓಟವೇ ನಾಯಿಯನ್ನು ಕೆರಳಿಸುತ್ತದೆ. ಸುಮ್ಮನೆ ಮೂಸುತ್ತಿದ್ದ ನಾಯಿಯೂ ಕಣ್ಣೆದುರು ಸಣ್ಣದೊಂದು ಪ್ರಾಣಿ ಚಂಗನೆ ಓಡಿದ ಕ್ಷಣ ಬೇಟೆಗೆ ಇಳಿಯುತ್ತದೆ.

ಇಲ್ಲಿ ಬಹಳ ಜನ ಗಮನಿಸದೆ ಬಿಡುವ ಸಂಗತಿಯೊಂದಿದೆ. ನಾಯಿ ಗೂಡನ್ನು ಮುರಿಯದಿದ್ದರೂ ಗಿನಿ ಪಿಗ್ ಸಾಯಬಹುದು. ಜಾಲರಿಯ ಆಚೆ ನಾಯಿ ಬೊಗಳುತ್ತ, ಕೆರೆಯುತ್ತ ನಿಂತರೆ ಒಳಗಿರುವವು ಆಘಾತಕ್ಕೆ ಒಳಗಾಗುತ್ತವೆ. ಕೆಲವು ಅಲ್ಲೇ ಪ್ರಾಣ ಬಿಡುತ್ತವೆ. ಉಳಿದವು ಹೆದರಿಕೆಯಿಂದ ಮೇವು ಬಿಡುತ್ತವೆ, ಅದೂ ಅಷ್ಟೇ ಅಪಾಯ. ಗಿನಿ ಪಿಗ್‌ನ ಕರುಳು ಸದಾ ನಾರು ಹಾಯುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಚಲನೆ ನಿಲ್ಲತೊಡಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಗಬ್ಬದ ಹೆಣ್ಣಾದರೆ ಮರಿಗಳನ್ನು ಕಳೆದುಕೊಳ್ಳಬಹುದು. ಇವುಗಳ ಗಬ್ಬದ ಅವಧಿ 59ರಿಂದ 72 ದಿನ. ಗಂಡು ಹೆಣ್ಣು ಒಟ್ಟಿಗಿದ್ದರೆ ಯಾವುದು ಯಾವಾಗ ಗಬ್ಬವಾಗಿದೆಯೋ ಹೊರಗಿನಿಂದ ಬೇಗ ತಿಳಿಯುವುದೂ ಇಲ್ಲ. ಹಾಗಾಗಿ ನಾಯಿ ಒಳಗೆ ಬರದಂತೆ ತಡೆಯುವುದು ಅರ್ಧ ಕೆಲಸ. ಗೂಡಿನ ಹತ್ತಿರಕ್ಕೇ ಸುಳಿಯದಂತೆ, ಸುಳಿದರೂ ಅದು ಒಳಗಿನವುಗಳ ಕಣ್ಣಿಗೆ ಬೀಳದಂತೆ ಮಾಡುವುದು ಇನ್ನರ್ಧ.

ಈಗ ಗೂಡಿಗೆ ಬರೋಣ. ರಾತ್ರಿ ಒಳಗೆ, ಹಗಲು ಹುಲ್ಲಿನ ಮೇಲೆ ಒಂದೆರಡು ಗಂಟೆ ಹೊರಗೆ ಎಂದು ಇಟ್ಟುಕೊಂಡರೂ ಆ ಒಂದೆರಡು ಗಂಟೆಗೆ ಭದ್ರವಾದ ಆವರಣ ಬೇಕು. ಅದನ್ನು ಕಟ್ಟುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾರೂ ಇಲ್ಲದಾಗ ನಾಯಿಗೆ ಅರ್ಧ ಗಂಟೆ ಬಿಡುವು ಸಿಕ್ಕರೆ ಇದು ತಡೆಯುತ್ತದೆಯೇ? ನೀವು ಫೋನ್ ಎತ್ತಲು ಒಳಗೆ ಹೋಗಿರುತ್ತೀರಿ, ಮಕ್ಕಳು ಮರೆತು ಆಟಕ್ಕೆ ಓಡಿರುತ್ತಾರೆ. ಗೂಡಿನ ಪರೀಕ್ಷೆ ನಡೆಯುವುದು ಅಂಥ ಹೊತ್ತಿನಲ್ಲೇ.

ಈ ಪ್ರಶ್ನೆ ಕೇಳಿದರೆ ಕೋಳಿ ಜಾಲರಿ ಅಲ್ಲೇ ಸೋಲುತ್ತದೆ. ಆರು ಮೂಲೆಯ ಕಣ್ಣಿರುವ ಆ ತೆಳು ತಂತಿ ಕೋಳಿ ಹೊರಗೆ ಹೋಗದಂತೆ ತಡೆಯಲು ಇರುವುದು. ಮಧ್ಯಮ ಗಾತ್ರದ ನಾಯಿ ಹಲ್ಲಿನಿಂದ ಎಳೆದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ, ಒಂದೆರಡು ಮಳೆಗಾಲ ಕಂಡು ತುಕ್ಕು ಹಿಡಿದಿದ್ದರೆ ಕೇಳುವುದೇ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಲಾಯಿ ಮಾಡಿದ ವೆಲ್ಡ್ ಮೆಶ್ ಕೇಳಿ. ಕಣ್ಣು ಅರ್ಧ ಇಂಚು ಇರಲಿ, ತಂತಿ 16 ಗೇಜ್ ಅಥವಾ ಅದಕ್ಕಿಂತ ದಪ್ಪ ಇರಲಿ. ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪವಾಗುತ್ತದೆ, ಆದ್ದರಿಂದ 14 ಸಿಕ್ಕರೆ ಇನ್ನೂ ಒಳ್ಳೆಯದು. ನಾಯಿಯೊಂದೇ ಆಗಿದ್ದರೆ ಒಂದು ಇಂಚಿನ ಕಣ್ಣೂ ಸಾಕಿತ್ತು. ಆದರೆ ನಮ್ಮ ಹಿತ್ತಲುಗಳಿಗೆ ಹೆಗ್ಗಣ, ಮುಂಗುಸಿ, ಕೇರೆ ಹಾವು ಎಲ್ಲವೂ ಬರುತ್ತವೆ, ಮರಿಗಳಿದ್ದರೆ ಅರ್ಧ ಇಂಚೇ ಬೇಕು. ಮೆಶ್ ಅನ್ನು ಸಣ್ಣ ಮೊಳೆ ಅಥವಾ ಸ್ಟೇಪಲ್ ಪಿನ್‌ನಿಂದ ಹೊಡೆದು ಬಿಡಬೇಡಿ, ನಾಯಿ ಒದ್ದರೆ ಪಿನ್ನು ಕಿತ್ತು ಬರುತ್ತದೆ. ಮರದ ಪಟ್ಟಿ ಇಟ್ಟು, ವಾಷರ್ ಹಾಕಿ ಸ್ಕ್ರೂ ಬಿಗಿಸಿ. ನಿಮ್ಮೂರಲ್ಲಿ ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಶಾಪ್ ಇದ್ದರೆ ಕಬ್ಬಿಣದ ಆಂಗಲ್ ಚೌಕಟ್ಟಿಗೇ ಮೆಶ್ ಬೆಸೆಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ತೂಕವೂ ಬರುತ್ತದೆ, ಗುಂಪಾಗಿ ಬಂದ ನಾಯಿಗಳು ಅದನ್ನು ಮಗುಚಲಾರವು.

ಮೇಲೆ ಮುಚ್ಚಳ ಇರಲೇಬೇಕು. ಸುತ್ತ ನಾಲ್ಕಡಿ ಬೇಲಿ ಹಾಕಿ ಮೇಲೆ ತೆರೆದು ಬಿಟ್ಟ ಆವರಣ ನಾಯಿಗೆ ಒಂದು ನೆಗೆತದ ಮಾತು. ಬೆಕ್ಕು, ಹದ್ದು, ಕಾಗೆಗಳಿಗೆ ಅದೂ ಬೇಡ.

ನೆಲದ ಬಗ್ಗೆ ಹೆಚ್ಚು ಯೋಚಿಸಬೇಕು, ಏಕೆಂದರೆ ನಾಯಿಗಳು ಹೆಚ್ಚಾಗಿ ಒಳನುಗ್ಗುವುದು ಅಲ್ಲಿಂದಲೇ. ಮೆತ್ತನೆ ಮಣ್ಣಿದ್ದರೆ ಅಂಚಿನಲ್ಲಿ ಕೆರೆದು ತೂರಲು ಹೆಚ್ಚು ಹೊತ್ತು ಬೇಕಿಲ್ಲ. ಗೂಡಿನ ತಳಕ್ಕೂ ತಂತಿ ಹಾಕಿದರೆ ಆಯಿತಲ್ಲ ಎನ್ನಬಹುದು. ಆದರೆ ತಂತಿಯ ಮೇಲೆ ಸದಾ ನಡೆದರೆ ಗಿನಿ ಪಿಗ್‌ಗಳ ಅಂಗಾಲು ಹುಣ್ಣಾಗುತ್ತದೆ, ಬೆರಳು ಸಿಕ್ಕಿಕೊಂಡು ಉಗುರು ಕೀಳುತ್ತದೆ. ಅದಕ್ಕೆ ಬದಲಾಗಿ ಮೆಶ್ ಅನ್ನು ಗೂಡಿನ ಹೊರಗೆ ಹಾಸಿ. ಗೋಡೆಯ ಬುಡದಿಂದ ಆಚೆಗೆ ಒಂದೂವರೆಯಿಂದ ಎರಡು ಅಡಿ ಅಗಲಕ್ಕೆ ನೆಲದ ಮೇಲೆ ಚಾಚಿ, ಗೂಟ ಹೊಡೆದು, ಮೇಲೆ ಸ್ವಲ್ಪ ಮಣ್ಣು ಎಳೆದುಬಿಡಿ. ತಿಂಗಳೊಪ್ಪತ್ತಿನಲ್ಲಿ ಗರಿಕೆ ಅದರ ನಡುವೆಯೇ ಹಬ್ಬಿ ಹಿಡಿದುಕೊಳ್ಳುತ್ತದೆ. ನಾಯಿ ಕೆರೆಯುವುದು ಗೋಡೆಯ ಬುಡದಲ್ಲೇ. ಅಲ್ಲಿ ಉಗುರಿಗೆ ತಂತಿ ತಾಗಿದರೆ, ಎರಡಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡೋಣ ಎಂದು ಅದಕ್ಕೆ ಹೊಳೆಯುವುದಿಲ್ಲ. ಮಣ್ಣೇ ಬೇಡವೆಂದರೆ ಸಿಮೆಂಟು ನೆಲ ಅಥವಾ ಕಡಪ ಕಲ್ಲಿನ ಮೇಲೆ ದಪ್ಪಗೆ ಹುಲ್ಲು ಹಾಸಿಯೂ ಸಾಕಬಹುದು.

ಬಾಗಿಲಿಗೆ ಕೊಂಡಿ ಹಾಕಿ ಬಿಡುವುದು ಸಾಮಾನ್ಯ. ನಾಯಿ ಮೂತಿಯಿಂದ ಎತ್ತಿದರೆ ಕೊಂಡಿ ಮೇಲೆ ಹೋಗುತ್ತದೆ. ಅಡ್ಡ ಎಳೆಯುವ ಚಿಲಕ ಹಾಕಿಸಿ, ಮೇಲೊಂದು ಕೆಳಗೊಂದು, ಕೊನೆಗೆ ಬೀಗದ ತೂತಿಗೆ ಒಂದು ಕೊಕ್ಕೆ ಸಿಕ್ಕಿಸಿ. ಬಾಗಿಲು ಹೊರಗೆ ತೆರೆಯುವಂತಿದ್ದರೆ ನಾಯಿ ತಳ್ಳಿದಷ್ಟೂ ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ.

ಒಳಗೆ ಅಡಗಲು ಮರದ ಪೆಟ್ಟಿಗೆ ಇಡಿ, ಎಲ್ಲವೂ ಒಟ್ಟಿಗೆ ಹಿಡಿಸುವಷ್ಟು ದೊಡ್ಡದು. ಅದಕ್ಕೆ ಎರಡು ಬಾಗಿಲಿರಲಿ. ಒಂದೇ ಬಾಗಿಲಿದ್ದರೆ ಹೆದರಿ ಓಡುವಾಗ ಒಂದಕ್ಕೊಂದು ನೂಕಾಡುತ್ತವೆ, ದುರ್ಬಲವಾದದ್ದು ಹೊರಗೇ ಉಳಿಯುತ್ತದೆ. ಪೆಟ್ಟಿಗೆಯನ್ನು ಜಾಲರಿಗೆ ತಾಗಿಸದೆ ಆವರಣದ ನಡುವೆ ಇಡಿ. ನಾಯಿಗಳು ಓಡಾಡುವ ಬದಿಗೆ ಜಾಲರಿಯ ಕೆಳಭಾಗಕ್ಕೆ ಎರಡಡಿ ಎತ್ತರ ಹಲಗೆಯೋ ಶೀಟೋ ಕಟ್ಟಿದರೆ ಒಂದಕ್ಕೊಂದು ಮುಖ ಕಾಣುವುದಿಲ್ಲ. ಜಾಲರಿಗೆ ಒತ್ತಿ ಕೂತ ಗಿನಿ ಪಿಗ್‌ನ ಕಾಲಿಗೆ ಹೊರಗಿನಿಂದ ಬಾಯಿ ಹಾಕುವ ಅಪಾಯವೂ ತಪ್ಪುತ್ತದೆ.

ಇಷ್ಟೆಲ್ಲ ಭದ್ರತೆಯ ನಡುವೆ ಬಿಸಿಲನ್ನು ಮರೆಯಬಾರದು. ಇವುಗಳಿಗೆ ಹಿತವಾದದ್ದು 18ರಿಂದ 24 ಡಿಗ್ರಿ ಸೆಲ್ಸಿಯಸ್, 27 ದಾಟಿದರೆ ಏದುಸಿರು ಶುರುವಾಗಬಹುದು. ರಾಯಚೂರು, ಕಲಬುರಗಿಯ ಬೇಸಿಗೆಯನ್ನು ಬಿಡಿ, ಏಪ್ರಿಲ್‌ನ ಬೆಂಗಳೂರೇ ಇವಕ್ಕೆ ಹೆಚ್ಚು. ನಾಯಿ ಕಾಣದಿರಲೆಂದು ಎಲ್ಲ ಬದಿಗೂ ಶೀಟು ಕಟ್ಟಿ, ಮೇಲೂ ತಗಡು ಹೊದಿಸಿದರೆ ನಾಯಿ ಮಾಡದ ಕೆಲಸವನ್ನು ಶಾಖ ಮಾಡಿಬಿಡುತ್ತದೆ. ಒಂದು ಬದಿ ಮಾತ್ರ ಮುಚ್ಚಿ, ಮೇಲೆ ಮಂಗಳೂರು ಹೆಂಚು ಅಥವಾ ತೆಂಗಿನ ಗರಿ ಹೊದಿಸಿ, ಮಧ್ಯಾಹ್ನಕ್ಕೆ ಮುಂಚೆಯೇ ಒಳಗೆ ತನ್ನಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಹೊರಗೆ ಬಿಡದಿರುವುದೇ ಸರಿ, ಒದ್ದೆಯಲ್ಲಿ ಇವಕ್ಕೆ ಶ್ವಾಸಕೋಶದ ಸೋಂಕು ಬೇಗ ತಗಲುತ್ತದೆ.

ಇನ್ನು ನಾಯಿಗಳ ಮಾತು. ಅವು ನಿಮ್ಮ ಹಿತ್ತಲಿಗೇ ಏಕೆ ಬರುತ್ತಿವೆ ಎಂದು ಒಂದು ಸುತ್ತು ಹಾಕಿ ನೋಡಿ. ಮುಚ್ಚಳವಿಲ್ಲದ ಕಸದ ಡಬ್ಬಿ, ಕೋಳಿ ಮೂಳೆ, ಗೇಟಿನ ಕೆಳಗಿನ ಸಂದು, ಇವುಗಳಲ್ಲಿ ಏನಾದರೊಂದು ಕಾಣುತ್ತದೆ. ಗಿನಿ ಪಿಗ್ ತಿಂದು ಚೆಲ್ಲಿದ ಕಾಳಿಗೆ ಹೆಗ್ಗಣ ಬರುತ್ತದೆ, ಹೆಗ್ಗಣದ ಬೆನ್ನು ಹತ್ತಿ ನಾಯಿ ಬರುತ್ತದೆ. ಸಂಜೆ ಉಳಿದ ಮೇವು ತೆಗೆದು ಗೂಡು ಗುಡಿಸಿದರೆ ಈ ಸರಣಿ ಅಲ್ಲಿಗೇ ತುಂಡಾಗುತ್ತದೆ. ಗೇಟಿನ ಸಂದಿಗೆ ಒಂದು ಕಬ್ಬಿಣದ ಪಟ್ಟಿ ಬೆಸೆಸಿ. ಗೇಟಿಗೆ ನೀಲಿ ನೀರಿನ ಬಾಟಲಿ ಕಟ್ಟುವುದರಿಂದ ಪ್ರಯೋಜನವಿಲ್ಲ. ನುಸಿಗುಳಿಗೆ, ಫಿನಾಯಿಲ್, ಖಾರದ ಪುಡಿ ಗೂಡಿನ ಸುತ್ತ ಚೆಲ್ಲಿದರೆ ಮೊದಲು ನರಳುವುದು ನಿಮ್ಮ ಗಿನಿ ಪಿಗ್‌ಗಳೇ. ಬೇಲಿಗೆ ಮನೆಯ ಕರೆಂಟು ಹರಿಸುವ ಯೋಚನೆಯಂತೂ ಬೇಡವೇ ಬೇಡ, ಮಕ್ಕಳಿರುವ ಮನೆ.

ವಿಷ ಹಾಕುವ ಸಲಹೆ ಕೊಡುವವರೂ ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಹಸಿವಿಗೆ ಅಲೆಯುವ ನಾಯಿ ಮಾಡಿದ ತಪ್ಪೇನೂ ಇಲ್ಲ. ಕಾನೂನೂ ಅದನ್ನು ಒಪ್ಪುವುದಿಲ್ಲ: ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಮಾಡಬಹುದಾದ ಕೆಲಸ ಬೇರೆ ಇದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ನಿಮ್ಮ ಪುರಸಭೆ, ನಗರಸಭೆ ಅಥವಾ ಪಾಲಿಕೆಗೆ ಬೀದಿಯ ನಾಲ್ಕಾರು ಮನೆಯವರು ಸೇರಿ ಲಿಖಿತವಾಗಿ ಕೇಳಿ. ಬೀದಿಯಲ್ಲಿ ನಾಯಿಗಳಿಗೆ ಅನ್ನ ಹಾಕುವ ಅಕ್ಕನೋ ಅಣ್ಣನೋ ಇದ್ದರೆ ಜಗಳಕ್ಕೆ ಹೋಗಬೇಡಿ. ನಿಮ್ಮ ಗೇಟಿನಿಂದ ದೂರದ ಒಂದು ಜಾಗದಲ್ಲಿ, ದಿನವೂ ಒಂದೇ ಹೊತ್ತಿಗೆ ಹಾಕಲು ಕೇಳಿಕೊಳ್ಳಿ. ಹೊಟ್ಟೆ ತುಂಬಿದ ನಾಯಿ ರಾತ್ರಿ ಕಾಂಪೌಂಡ್ ಹಾರುವುದು ಕಡಿಮೆ. ಆ ನಾಯಿಗಳನ್ನು ಹೆಸರಿಟ್ಟು ಕರೆಯಬಲ್ಲ, ಹಿಡಿಯಲು ನೆರವಾಗಬಲ್ಲ ಜನವೂ ಅವರೇ.

ಮನೆಯಲ್ಲೇ ನಾಯಿ ಸಾಕಿದ್ದರೆ ಅದರ ಸಾಧು ಸ್ವಭಾವ ನಂಬಿ ಇವುಗಳ ಜೊತೆ ಒಂಟಿಯಾಗಿ ಬಿಡಬೇಡಿ.

ಎಲ್ಲ ಎಚ್ಚರಿಕೆಯ ನಡುವೆಯೂ ದಾಳಿ ನಡೆದುಹೋದರೆ, ಮೈಮೇಲೆ ರಕ್ತ ಕಾಣುತ್ತಿಲ್ಲ ಎಂದು ಸಮಾಧಾನಪಡಬೇಡಿ. ದಟ್ಟ ಕೂದಲಡಿ ಹಲ್ಲಿನ ತೂತು ಅಡಗಿರುತ್ತದೆ, ನಾಯಿ ಬಾಯಲ್ಲಿ ಹಿಡಿದು ಅಲುಗಿಸಿದ್ದರೆ ಒಳಗಿನ ಪೆಟ್ಟು ಹೊರಗೆ ಗೊತ್ತಾಗುವುದಿಲ್ಲ. ಕೈಗವಸು ಹಾಕಿಕೊಂಡು ಟವೆಲ್‌ನಲ್ಲಿ ಸುತ್ತಿ, ಗಾಳಿ ಆಡುವ ಕತ್ತಲೆ ಪೆಟ್ಟಿಗೆಯಲ್ಲಿಟ್ಟು ಅಂದೇ ಪಶುವೈದ್ಯರ ಬಳಿ ಒಯ್ಯಿರಿ. ಬಾಯಿಗೆ ನೀರು ಹೊಯ್ಯಬೇಡಿ. ಜೊತೆಯದೊಂದನ್ನು ಪಕ್ಕದಲ್ಲಿಟ್ಟರೆ ಅದಕ್ಕೆ ಧೈರ್ಯ. ವೈದ್ಯರಿಗೆ ಇದು ಗಿನಿ ಪಿಗ್ ಎಂದು ಮೊದಲೇ ಹೇಳಿ, ಏಕೆಂದರೆ ನಾಯಿ, ಬೆಕ್ಕುಗಳಿಗೆ ಗಾಯವಾದಾಗ ಮಾಮೂಲಿಯಾಗಿ ಕೊಡುವ ಪೆನಿಸಿಲಿನ್, ಅಮಾಕ್ಸಿಸಿಲಿನ್ ಬಗೆಯ ಔಷಧಗಳು ಇವುಗಳ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನು ಕೊಂದು ಪ್ರಾಣವನ್ನೇ ತೆಗೆಯಬಲ್ಲವು. ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿ ಮಾಡಿ ಕೊಡುವ ಸಾಹಸವನ್ನು ಅದಕ್ಕೇ ಮಾಡಬಾರದು. ಹತ್ತಿರದಲ್ಲಿ ಇವನ್ನು ಬಲ್ಲ ವೈದ್ಯರಿಲ್ಲದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಮುಂದಿನ ಒಂದೆರಡು ದಿನ ಗಾಯವಾಗದೆ ಉಳಿದವುಗಳ ಮೇಲೂ ಕಣ್ಣಿಡಿ: ಹುಲ್ಲು ತಿನ್ನುತ್ತಿವೆಯೇ, ಹಿಕ್ಕೆ ಹಾಕುತ್ತಿವೆಯೇ ಎಂಬುದೇ ಮುಖ್ಯ. ಇವುಗಳ ದೇಹ ಸಿ ವಿಟಮಿನ್ ತಯಾರಿಸಿಕೊಳ್ಳುವುದಿಲ್ಲ, ಚೇತರಿಕೆಗೆ ಅದು ಬೇಕೇ ಬೇಕು. ದಪ್ಪ ಮೆಣಸಿನಕಾಯಿಯ ಹೋಳು, ಕೊತ್ತಂಬರಿ ಸೊಪ್ಪು ಕೊಡಿ.

ನಾಯಿಯ ಬಾಯಿಂದ ಬಿಡಿಸುವಾಗ ನಿಮಗೇ ಹಲ್ಲು ತಾಗಿದ್ದರೆ, ಅದು ಗೀರಿದಷ್ಟೇ ಆಗಿದ್ದರೂ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿಕೊಳ್ಳಿ. ಗಿನಿ ಪಿಗ್ ಅನ್ನು ವೈದ್ಯರ ಬಳಿಗೆ ಒಯ್ಯುವ ಕೆಲಸವನ್ನು ಆಗ ಮನೆಯ ಇನ್ನೊಬ್ಬರಿಗೆ ಒಪ್ಪಿಸಿ.